ಬೆಂಗಾಜಿ ವಿವಾದವನ್ನು ಓದುವ ಬಗೆ: ಪುಣೆಯ ಓದುಬಳಗಗಳಿಗೆ ಒಂದು ಕೈಪಿಡಿ

ಪುಣೆಯ ಕೋಥ್ರೂಡ್, ಎರಂಡವಣೆ, ಕರ್ವೆನಗರದ ಕಡೆ ನೆಲೆಸಿರುವ ನಾವು ಕೆಲವು ಕನ್ನಡಿಗರು ತಿಂಗಳಿಗೊಂದು ಭಾನುವಾರ ಯಾರಾದರೊಬ್ಬರ ಮನೆಯಲ್ಲಿ ಸೇರಿ, ಯಾವುದಾದರೊಂದು ಸಾರ್ವಜನಿಕ ವಿವಾದವನ್ನು ಮೂಲ ದಾಖಲೆಗಳನ್ನು ಮುಂದಿಟ್ಟುಕೊಂಡು ಓದುವ ಪರಿಪಾಠ ಇಟ್ಟುಕೊಂಡಿದ್ದೇವೆ. ಹಾಗೆ ಓದಿದವುಗಳಲ್ಲಿ ನಮ್ಮನ್ನು ಹೆಚ್ಚು ದಣಿಸಿದ್ದೂ ಹೆಚ್ಚು ಕಲಿಸಿದ್ದೂ 2012ರಲ್ಲಿ ಲಿಬಿಯಾದ ಬೆಂಗಾಜಿಯಲ್ಲಿ ಅಮೆರಿಕದ ರಾಜತಾಂತ್ರಿಕ ಕಚೇರಿಯ ಮೇಲೆ ನಡೆದ ದಾಳಿ ಮತ್ತು ಅದರ ಬೆನ್ನಿಗೆ ನಾಲ್ಕು ವರ್ಷ ನಡೆದ ರಾಜಕೀಯ ಜಗಳ. ಇಂಥದೇ ಅಭ್ಯಾಸಕ್ಕೆ ಕೂರಬೇಕೆಂದಿರುವ ಬೇರೆ ಬಳಗಗಳಿಗೆ ನೆರವಾಗಲೆಂದು, ಯಾವುದನ್ನು ಮೊದಲು ಓದಬೇಕು, ಯಾವುದನ್ನು ತಡೆದು ಓದಬೇಕು, ಎಲ್ಲಿ ಎಡವುವ ಸಂಭವವಿದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನಾಲ್ಕು ಭಾನುವಾರಗಳನ್ನು ಮೀಸಲಿಡಿ. ಒಂದೇ ಕೂಟದಲ್ಲಿ ಮುಗಿಸಲು ಹೋದರೆ ಪಕ್ಷದ ವಾದವಷ್ಟೇ ಉಳಿಯುತ್ತದೆ.

ಮೊದಲು ಸತ್ತವರಿಂದ ಆರಂಭಿಸಿ

ಅಭ್ಯಾಸದ ಮೊದಲ ಪುಟದಲ್ಲಿ ಯಾವ ರಾಜಕಾರಣಿಯ ಹೆಸರನ್ನೂ ಬರೆಯಬೇಡಿ. ನಾಲ್ಕು ಹೆಸರುಗಳನ್ನು ಬರೆಯಿರಿ: ರಾಯಭಾರಿ ಕ್ರಿಸ್ಟೋಫರ್ ಸ್ಟೀವನ್ಸ್, ಕಚೇರಿಯ ಮಾಹಿತಿ ವ್ಯವಸ್ಥೆಯನ್ನು ನೋಡಿಕೊಳ್ಳುತ್ತಿದ್ದ ಷಾನ್ ಸ್ಮಿತ್, ಭದ್ರತೆಗೆ ನಿಂತಿದ್ದ ಟೈರೋನ್ ವುಡ್ಸ್ ಮತ್ತು ಗ್ಲೆನ್ ಡೊಹರ್ಟಿ. ಪ್ರತಿ ಹೆಸರಿನ ಮುಂದೆ ಅವರು ಎಲ್ಲಿ, ಹೇಗೆ ತೀರಿಕೊಂಡರೆಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಸ್ಟೀವನ್ಸ್ ಮತ್ತು ಸ್ಮಿತ್ ಮುಖ್ಯ ಆವರಣದ ಕಟ್ಟಡಕ್ಕೆ ಬೆಂಕಿ ಹಚ್ಚಿದಾಗ ಹೊಗೆಯಲ್ಲಿ ಉಸಿರುಕಟ್ಟಿ ಸತ್ತರು. ವುಡ್ಸ್ ಮತ್ತು ಡೊಹರ್ಟಿ ಅಲ್ಲಿಂದ ಒಂದು ಮೈಲಿಯಷ್ಟು ದೂರದಲ್ಲಿದ್ದ ಗುಪ್ತಚರ ಸಂಸ್ಥೆ ಸಿಐಎಯ ನೆಲೆಯಲ್ಲಿ, ಮರುದಿನ ಬೆಳಗಿನ ಜಾವ ಬಿದ್ದ ಮೋರ್ಟಾರ್ ಗುಂಡುಗಳಿಗೆ ಬಲಿಯಾದರು. ಡೊಹರ್ಟಿ ಆ ಸಂಜೆ ಬೆಂಗಾಜಿಯಲ್ಲಿ ಇರಲೇ ಇಲ್ಲ. ದಾಳಿಯ ಸುದ್ದಿ ತಿಳಿದ ಮೇಲೆ ಟ್ರಿಪೊಲಿಯಿಂದ ವಿಮಾನವೊಂದನ್ನು ಗೊತ್ತುಮಾಡಿಕೊಂಡು ಹೊರಟ ಸಣ್ಣ ತಂಡದೊಡನೆ ನೆರವಿಗೆಂದು ಬಂದು, ವಿಮಾನ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾದು, ನೆಲೆಯನ್ನು ಮುಟ್ಟಿದ ಸ್ವಲ್ಪ ಹೊತ್ತಿನಲ್ಲೇ ಸತ್ತರು.

ಈ ಒಂದು ಪುಟವನ್ನು ಬರೆಯಲು ನಮ್ಮ ಬಳಗ ಒಂದು ಗಂಟೆ ತೆಗೆದುಕೊಂಡಿತು. ಎರಡು ಸ್ಥಳಗಳು, ಎರಡು ದಾಳಿಗಳು, ನಡುವೆ ಏಳೂವರೆ ಗಂಟೆಯ ಅಂತರ ಎಂಬುದು ಮನದಟ್ಟಾಗದೆ ಮುಂದಿನ ಯಾವ ವಾದವೂ ತಿಳಿಯುವುದಿಲ್ಲ. "ಅವರನ್ನು ಉಳಿಸಬಹುದಿತ್ತು" ಎಂದು ಯಾರಾದರೂ ಹೇಳಿದರೆ, ಯಾರನ್ನು, ಯಾವ ಸ್ಥಳದಲ್ಲಿ, ಎಷ್ಟು ಗಂಟೆಗೆ ಎಂದು ಕೇಳಲು ಈ ಪುಟ ಬೇಕು.

ಮೂರು ಗಡಿಯಾರಗಳ ಪಟ್ಟಿ

ಎರಡನೆಯ ಕೆಲಸ ಕಾಲಪಟ್ಟಿ. ಅಮೆರಿಕದ ವರದಿಗಳು ಒಮ್ಮೆ ಬೆಂಗಾಜಿಯ ಹೊತ್ತನ್ನೂ ಇನ್ನೊಮ್ಮೆ ವಾಷಿಂಗ್ಟನ್ನಿನ ಹೊತ್ತನ್ನೂ ಹೇಳುತ್ತವೆ; ಭಾರತದ ಪತ್ರಿಕೆಗಳು ತಮ್ಮ ದಿನಾಂಕವನ್ನು ಹಾಕುತ್ತವೆ. ಆದ್ದರಿಂದ ದೊಡ್ಡ ಹಾಳೆಯಲ್ಲಿ ಮೂರು ಕಂಬಗಳನ್ನು ಎಳೆದು ಪ್ರತಿ ಘಟನೆಯನ್ನೂ ಮೂರೂ ಗಡಿಯಾರಗಳಲ್ಲಿ ನಮೂದಿಸಿ. ಆ ತಿಂಗಳಲ್ಲಿ ವಾಷಿಂಗ್ಟನ್ ಬೆಂಗಾಜಿಗಿಂತ ಆರು ಗಂಟೆ ಹಿಂದಿತ್ತು, ಪುಣೆ ಮೂರೂವರೆ ಗಂಟೆ ಮುಂದಿತ್ತು. ಬೆಂಗಾಜಿಯಲ್ಲಿ ಸೆಪ್ಟೆಂಬರ್ 11ರ ರಾತ್ರಿ 9 ಗಂಟೆ 40 ನಿಮಿಷ ದಾಟುತ್ತಿದ್ದಂತೆ ದಾಳಿ ಆರಂಭವಾದಾಗ ವಾಷಿಂಗ್ಟನ್ನಿನಲ್ಲಿ ಇನ್ನೂ ಮಧ್ಯಾಹ್ನ. ಇಲ್ಲಿ ಆಗಲೇ 12ನೇ ತಾರೀಖಿನ ರಾತ್ರಿ ಒಂದು ಗಂಟೆ ಕಳೆದಿತ್ತು. ಬೆಂಗಾಜಿಯಲ್ಲಿ ಬೆಳಗಿನ ಜಾವ 5.15ರ ಸುಮಾರಿಗೆ ಮೋರ್ಟಾರ್ ಬಿದ್ದಾಗ ವಾಷಿಂಗ್ಟನ್ನಿನಲ್ಲಿ ರಾತ್ರಿ 11.15; ಪುಣೆಯಲ್ಲಿ ಬೆಳಿಗ್ಗೆ ಮುಕ್ಕಾಲು ಒಂಬತ್ತು.

ಈ ಹಾಳೆ ಸಿದ್ಧವಾದ ಮೇಲೆ ಅದರಲ್ಲಿ ಇನ್ನೂ ಎರಡು ನಮೂದುಗಳನ್ನು ಮಾಡಿ. ವಿದೇಶಾಂಗ ಸಚಿವೆ ಹಿಲರಿ ಕ್ಲಿಂಟನ್ ಅವರ ಮೊದಲ ಹೇಳಿಕೆ, ಅಂತರ್ಜಾಲದಲ್ಲಿ ಹರಡಿದ್ದ, ಇಸ್ಲಾಮನ್ನು ಅವಹೇಳನ ಮಾಡುವ ವೀಡಿಯೊವೊಂದರ ಉದ್ರೇಕಕಾರಿ ದೃಶ್ಯಗಳ ಪ್ರಸ್ತಾಪವನ್ನು ಒಳಗೊಂಡಿದ್ದದ್ದು, ವಾಷಿಂಗ್ಟನ್ನಿನ ರಾತ್ರಿ ಹತ್ತರ ಸುಮಾರಿಗೆ ಹೊರಬಂತು. ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯಾಗಿದ್ದ ಮಿಟ್ ರಾಮ್ನಿ ಅವರು ಒಬಾಮ ಆಡಳಿತದ ಪ್ರತಿಕ್ರಿಯೆಯನ್ನು ನಾಚಿಕೆಗೇಡೆಂದು ಖಂಡಿಸಿದ ಹೇಳಿಕೆ ಅದರ ಹಿಂದೆಯೇ, ಹತ್ತೂವರೆಯೊಳಗೆ ಬಿಡುಗಡೆಯಾಯಿತು. ಅಂದರೆ ಎರಡೂ ಪಕ್ಷಗಳ ಮೊದಲ ಮಾತು ಹೊರಬಿದ್ದಾಗ ವುಡ್ಸ್ ಮತ್ತು ಡೊಹರ್ಟಿ ಇನ್ನೂ ಬದುಕಿದ್ದರು. ನಮ್ಮ ಕೂಟದಲ್ಲಿ ಈ ಸಾಲನ್ನು ಬರೆದ ಮೇಲೆ ಕೆಲಹೊತ್ತು ಯಾರೂ ಮಾತನಾಡಲಿಲ್ಲ. ಜಗಳ ಎಷ್ಟು ಬೇಗ ಹುಟ್ಟಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಮೊದಲ ಗಂಟೆಗಳ ಸುದ್ದಿಯನ್ನು ಹೇಗೆ ತೂಗಬೇಕೆಂಬುದು ನಮ್ಮ ಭಾಗದವರಿಗೆ ಹೊಸದಲ್ಲ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯಲ್ಲಿ ನಡೆಯುತ್ತಿದ್ದದ್ದು ಗ್ಯಾಂಗುಗಳ ಗುಂಡಿನ ಕಾಳಗ ಎಂಬ ಮಾತು ಮೊದಲು ಹಬ್ಬಿತ್ತು. ಆಮೇಲೆ 'ಡೆಕ್ಕನ್ ಮುಜಾಹಿದೀನ್' ಎಂಬ, ಯಾರೂ ಕೇಳರಿಯದ ಹೆಸರಿನಲ್ಲಿ ಹೊಣೆ ಹೊತ್ತ ಮಿಂಚಂಚೆ ಬಂತು. ಅಂದು ರಾತ್ರಿ ಅದನ್ನು ನಂಬಿದವರು ಸುಳ್ಳುಗಾರರಲ್ಲ. ಆದರೆ ನಿಜ ತಿಳಿದ ಮೇಲೂ ಅದನ್ನೇ ಹೇಳಿದ್ದರೆ ಅದು ಬೇರೆ ಮಾತಾಗುತ್ತಿತ್ತು. ಆದ್ದರಿಂದ ಕಾಲಪಟ್ಟಿಯಲ್ಲಿ ಪ್ರತಿ ಹೇಳಿಕೆಯ ಪಕ್ಕದಲ್ಲಿ, ಹೇಳಿದವರಿಗೆ ಆ ಹೊತ್ತಿನಲ್ಲಿ ಏನು ಗೊತ್ತಿತ್ತು ಎಂಬುದನ್ನು ಬೇರೆ ಬಣ್ಣದಲ್ಲಿ ಬರೆಯಿರಿ. ಉದಾಹರಣೆಗೆ, ಅದೇ ರಾತ್ರಿ ಕ್ಲಿಂಟನ್ ತಮ್ಮ ಮಗಳಿಗೆ ಕಳುಹಿಸಿದ ಮಿಂಚಂಚೆಯಲ್ಲಿ ದಾಳಿ ಮಾಡಿದ್ದು ಅಲ್ ಖೈದಾದಂಥ ಗುಂಪು ಎಂದಿದ್ದರು. ಅದು 2015ರ ವಿಚಾರಣೆಯಲ್ಲಿ ಬಯಲಾಯಿತು. ಅವರ ಸಾರ್ವಜನಿಕ ಹೇಳಿಕೆಯನ್ನೂ ಈ ಖಾಸಗಿ ಸಾಲನ್ನೂ ಒಂದೇ ಗೆರೆಯಲ್ಲಿ ಎದುರುಬದುರಾಗಿ ಇಡಬೇಕು. ಅವರ ಬೆಂಬಲಿಗರಿಗೆ ಅದು ಹಿತವಾಗದಿದ್ದರೂ ಇಡಲೇಬೇಕು.

ಪದಗಳನ್ನು ಕನ್ನಡಕ್ಕೆ ತರುವಾಗ

ಈ ವಿವಾದದ ಅರ್ಧ ಭಾಗ ಪದಗಳ ಮೇಲೆ ನಡೆದದ್ದರಿಂದ, ಕನ್ನಡದಲ್ಲಿ ಚರ್ಚಿಸುವವರು ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ನಮ್ಮ ರೂಢಿಯಲ್ಲಿ ಎಲ್ಲವೂ 'ರಾಯಭಾರ ಕಚೇರಿ'. ಆದರೆ ರಾಯಭಾರ ಕಚೇರಿ ಇದ್ದದ್ದು ಟ್ರಿಪೊಲಿಯಲ್ಲಿ. ಬೆಂಗಾಜಿಯಲ್ಲಿದ್ದದ್ದು ಕಾನ್ಸುಲೇಟೂ ಅಲ್ಲ. ಅದು ತಾತ್ಕಾಲಿಕವೆಂದು ಇಟ್ಟುಕೊಂಡಿದ್ದ ವಿಶೇಷ ಕಚೇರಿ. ಇದು ಬರಿಯ ಹೆಸರಿನ ವಿಷಯವಾಗಿದ್ದರೆ ಬಿಟ್ಟುಬಿಡಬಹುದಿತ್ತು. ತಾತ್ಕಾಲಿಕವೆಂಬ ಕಾರಣಕ್ಕೇ ಕಾಯಂ ಕಚೇರಿಗಳ ಗೋಡೆ, ಬಾಗಿಲು, ಕಾವಲಿನ ಕಟ್ಟುನಿಟ್ಟಾದ ಮಾನದಂಡಗಳು ಅದಕ್ಕೆ ಅನ್ವಯಿಸದೆ ಉಳಿದವು. ಆದ್ದರಿಂದ ಆ ಹೆಸರೇ ಭದ್ರತೆಯ ಕೊರತೆಯ ಒಂದು ಕಾರಣವೆಂದು ನಾನು ಓದುತ್ತೇನೆ. ಇಂಥ ಕಟ್ಟಡಗಳನ್ನು ಕಾಪಾಡುವ ವಿಶೇಷ ಹೊಣೆ ಆತಿಥೇಯ ದೇಶದ್ದು ಎಂದು 1961ರ ವಿಯೆನ್ನಾ ಒಪ್ಪಂದದ 22ನೆಯ ವಿಧಿ ಹೇಳುತ್ತದೆ. ಗದ್ದಾಫಿಯ ನಂತರದ ಲಿಬಿಯಾದಲ್ಲಿ ಆ ಹೊಣೆ ಹೊರುವ ಪೊಲೀಸ್ ಪಡೆಯೇ ಇಲ್ಲದೆ, ಕಾವಲು ಸ್ಥಳೀಯ ಸಶಸ್ತ್ರ ಗುಂಪೊಂದರ ಕೈಯಲ್ಲಿತ್ತು.

ಇನ್ನೊಂದು ಪದ 'ಭಯೋತ್ಪಾದನೆ'. ಸೆಪ್ಟೆಂಬರ್ 12ರ ಭಾಷಣದಲ್ಲಿ ಒಬಾಮ, ಭಯೋತ್ಪಾದನೆಯ ಯಾವ ಕೃತ್ಯಗಳೂ ಈ ದೇಶದ ಸಂಕಲ್ಪವನ್ನು ಅಲುಗಿಸಲಾರವು ಎಂಬರ್ಥದ ಮಾತನ್ನಾಡಿದರು. ಆ ವಾಕ್ಯ ನೇರವಾಗಿ ಬೆಂಗಾಜಿಯನ್ನೇ ಕುರಿತದ್ದೋ, ಸಾಮಾನ್ಯವಾಗಿ ಆಡಿದ್ದೋ ಎಂಬುದರ ಮೇಲೆಯೇ ಅಕ್ಟೋಬರ್ 16ರ ಚುನಾವಣಾ ಸಂವಾದದಲ್ಲಿ ರಾಮ್ನಿ ಮತ್ತು ಒಬಾಮ ಮುಖಾಮುಖಿಯಾದರು. ನಿರೂಪಕಿ ಕ್ಯಾಂಡಿ ಕ್ರೌಲಿ ನಡುವೆ ಬಾಯಿಹಾಕಿದ್ದೂ ಪ್ರತ್ಯೇಕ ವಿವಾದವಾಯಿತು. ಅದೇ 12ರಂದು ದೂರದರ್ಶನದ ಸಂದರ್ಶನವೊಂದರಲ್ಲಿ ಒಬಾಮ ಇದು ಹೇಗೆ ನಡೆಯಿತೆಂದು ಹೇಳಲು ಇನ್ನೂ ಕಾಲ ಬಂದಿಲ್ಲ ಎಂದಿದ್ದರು. ಕನ್ನಡಕ್ಕೆ ತರುವವರು ಮೊದಲ ವಾಕ್ಯವನ್ನು "ಇದು ಭಯೋತ್ಪಾದಕ ದಾಳಿ ಎಂದರು" ಎಂದು ಬಿಗಿಗೊಳಿಸಿದರೆ ಒಂದು ಪಕ್ಷಕ್ಕೆ ತೀರ್ಪು ಕೊಟ್ಟಂತೆ, ಬಿಟ್ಟೇಬಿಟ್ಟರೆ ಇನ್ನೊಂದಕ್ಕೆ. ಬಹುವಚನದ 'ಕೃತ್ಯಗಳೂ' ಎಂಬುದನ್ನು ಹಾಗೆಯೇ ಉಳಿಸಿ, ತೀರ್ಮಾನವನ್ನು ಕೇಳುಗರಿಗೆ ಬಿಡಿ.

ಮೂರನೆಯದು, ಸಿಐಎ ನೆಲೆಯ ಕಾವಲುಗಾರರಿಗೆ ಹೊರಡದಂತೆ ಅಪ್ಪಣೆಯಾಯಿತೆಂಬ ಆರೋಪ. 'ತಾಳಿ' ಎಂದದ್ದೋ, 'ಹೋಗಕೂಡದು' ಎಂದದ್ದೋ? ಅಲ್ಲಿದ್ದ ಕೆಲವರು ತಮ್ಮನ್ನು ತಡೆಯಲಾಯಿತೆಂದು ಖಚಿತವಾಗಿ ಹೇಳಿದ್ದಾರೆ. ರಿಪಬ್ಲಿಕನ್ನರ ನೇತೃತ್ವದಲ್ಲೇ ಇದ್ದ ಪ್ರತಿನಿಧಿ ಸಭೆಯ ಗುಪ್ತಚರ ಸಮಿತಿ 2014ರ ನವೆಂಬರಿನಲ್ಲಿ, ಸ್ಥಳೀಯರ ನೆರವು ಕೂಡಿಸಲೆಂದು ತಡವಾಯಿತೇ ಹೊರತು ಹೋಗಬಾರದೆಂಬ ಅಪ್ಪಣೆ ಇರಲಿಲ್ಲವೆಂದು ಕಂಡುಕೊಂಡಿತು. ಉರಿಯುವ ಕಟ್ಟಡದತ್ತ ಹೊರಡಲು ಸಿದ್ಧನಾಗಿ ನಿಂತವನಿಗೆ ಇವೆರಡರ ನಡುವೆ ವ್ಯತ್ಯಾಸವೇ ಇರಲಾರದು ಎಂಬುದನ್ನೂ ನಾವು ಮರೆಯಬಾರದು. ಸಮಿತಿಯ ಮಾತನ್ನು ಒಪ್ಪುತ್ತಲೇ, ಅವರ ನೋವನ್ನು ಸುಳ್ಳೆನ್ನದೆ ಎರಡನ್ನೂ ದಾಖಲಿಸಿ.

ಮೂರು ಪ್ರಶ್ನೆಗಳನ್ನು ಬೆರೆಸಬೇಡಿ

ಎರಡನೆಯ ಭಾನುವಾರದ ಕೂಟವನ್ನು ಪೂರ್ತಿ ಇದಕ್ಕೇ ಇಡಿ, ಏಕೆಂದರೆ ಈ ಕೈಪಿಡಿಯಲ್ಲಿ ನಾನು ಮುಖ್ಯವಾಗಿ ಹೇಳಬೇಕಾದದ್ದು ಇದೇ. ಬೆಂಗಾಜಿ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಪ್ರಶ್ನೆಗಳಿವೆ: ದಾಳಿಗೆ ಮುನ್ನ ಭದ್ರತೆ ಏಕೆ ಸಾಲದಾಗಿತ್ತು; ಆ ರಾತ್ರಿ ನೆರವು ತಲುಪಬಹುದಿತ್ತೇ; ಆಮೇಲೆ ಜನರಿಗೆ ಹೇಳಿದ್ದು ನಿಜವೇ. ಪ್ರತಿಯೊಂದಕ್ಕೂ ದಾಖಲೆ ಬೇರೆ, ಹೊಣೆಗಾರರು ಬೇರೆ, ಉತ್ತರ ಬೇರೆ. ಆದರೆ ವಾದಕ್ಕೆ ನಿಂತವರು ಒಂದರ ಸಾಕ್ಷ್ಯವನ್ನು ಇನ್ನೊಂದರ ತೀರ್ಪಿಗೆ ಬಳಸುತ್ತಾರೆ.

ಮೊದಲ ಪ್ರಶ್ನೆಗೆ ಥಾಮಸ್ ಪಿಕರಿಂಗ್ ಮತ್ತು ಅಡ್ಮಿರಲ್ ಮೈಕ್ ಮಲೆನ್ ನೇತೃತ್ವದ ಹೊಣೆಗಾರಿಕೆ ಪರಿಶೀಲನಾ ಮಂಡಳಿಯ ವರದಿಯಿಂದ ಆರಂಭಿಸಿ. 2012ರ ಡಿಸೆಂಬರಿನಲ್ಲಿ ಬಂದ ಇದರ ಬಹಿರಂಗ ಭಾಗ ಚಿಕ್ಕದು, ಭಾಷೆ ನೇರವಾದದ್ದು. ಭದ್ರತೆ ತೀರಾ ಸಾಲದಾಗಿತ್ತು, ವಿದೇಶಾಂಗ ಇಲಾಖೆಯ ಮೇಲಿನ ಹಂತದಲ್ಲಿ ವ್ಯವಸ್ಥೆಯದೂ ನಾಯಕತ್ವದ್ದೂ ಲೋಪಗಳಿದ್ದವು ಎಂದು ಅದು ಹೇಳಿತು. ದಾಳಿಗೆ ಮುನ್ನ ಕಚೇರಿಯೆದುರು ಪ್ರತಿಭಟನೆಯೇ ನಡೆದಿರಲಿಲ್ಲವೆಂದೂ ಹೇಳಿತು. ಅದರ ಜೊತೆಗೆ ಆ ಬೇಸಿಗೆಯ ಘಟನೆಗಳನ್ನು ಕಾಲಪಟ್ಟಿಗೆ ಸೇರಿಸಿ: ಜೂನ್ 6ರಂದು ಇದೇ ಆವರಣದ ಗೋಡೆಗೆ ಬಾಂಬಿಟ್ಟು ತೂತು ಮಾಡಿದ್ದರು, ಜೂನ್ 11ರಂದು ಬ್ರಿಟಿಷ್ ರಾಯಭಾರಿಯ ವಾಹನಗಳ ಮೇಲೆ ದಾಳಿಯಾಗಿ, ಬ್ರಿಟನ್ ಬೆಂಗಾಜಿಯನ್ನು ಬಿಟ್ಟಿತು. ಸೆನೆಟ್ ಗುಪ್ತಚರ ಸಮಿತಿ 2014ರ ಜನವರಿಯಲ್ಲಿ ಈ ದಾಳಿಯನ್ನು ತಡೆಯಬಹುದಿತ್ತು ಎಂದಿತು. ಇಲ್ಲಿ ಪಕ್ಷಭೇದವಿಲ್ಲದೆ ಹೆಚ್ಚಿನ ಸಹಮತವಿದೆ. ಹೆಚ್ಚು ಕಾವಲು ಬೇಕೆಂಬ ಕೋರಿಕೆಗಳು ಹೋಗಿದ್ದವು, ಈಡೇರಲಿಲ್ಲ. ಆ ರಾತ್ರಿ ಆವರಣದಲ್ಲಿದ್ದ ಇಲಾಖೆಯ ಭದ್ರತಾ ಅಧಿಕಾರಿಗಳು ಐದು ಮಂದಿ, ಅವರಲ್ಲಿ ಇಬ್ಬರು ರಾಯಭಾರಿಯೊಡನೆ ಬಂದವರು. ನನ್ನ ಓದಿನಲ್ಲಿ ಇಡೀ ಪ್ರಕರಣದ ಅತಿ ಗಂಭೀರ ಲೋಪ ಇದೇ, ಮತ್ತು ಅತಿ ಕಡಿಮೆ ಕೂಗಾಟಕ್ಕೆ ಒಳಗಾದದ್ದೂ ಇದೇ.

ಮಂಡಳಿಯ ವರದಿಯನ್ನೂ ಕಣ್ಣುಮುಚ್ಚಿ ಒಪ್ಪಬೇಡಿ. ಕಾನೂನಿನ ಪ್ರಕಾರ ಅದರ ಐವರು ಸದಸ್ಯರಲ್ಲಿ ನಾಲ್ವರನ್ನು ನೇಮಿಸುವುದು ವಿದೇಶಾಂಗ ಸಚಿವರೇ. ಮಂಡಳಿ ಕ್ಲಿಂಟನ್ ಅವರನ್ನು ವಿಚಾರಿಸಲಿಲ್ಲ. ನಾಲ್ವರು ಅಧಿಕಾರಿಗಳನ್ನು ರಜೆಯ ಮೇಲೆ ಕಳುಹಿಸಿ, 2013ರ ಆಗಸ್ಟಿನಲ್ಲಿ ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ನಮ್ಮಲ್ಲಿ 26/11ರ ನಂತರ ರಾಜೀನಾಮೆ ಕೊಟ್ಟ ರಾಜ್ಯದ ಗೃಹ ಸಚಿವ ಆರ್.ಆರ್. ಪಾಟೀಲರು ಮರುವರ್ಷ ಅದೇ ಖಾತೆಗೆ ಮರಳಿದ್ದನ್ನು ನೆನೆದರೆ, ಹೊಣೆಗಾರಿಕೆ ಹೇಗೆ ಕರಗುತ್ತದೆ ಎಂಬುದು ಮಹಾರಾಷ್ಟ್ರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಪ್ರಶ್ನೆಗೆ ಸೇನಾ ವಿಷಯದ ಸಮಿತಿಗಳ ವರದಿಗಳು ಸಾಕು. ದೂರದ ನೆಲೆಗಳಿಂದ ಹೊರಟ ಯಾವ ಪಡೆಯೂ ಹೊತ್ತಿಗೆ ತಲುಪುತ್ತಿರಲಿಲ್ಲ ಎಂಬುದೇ ಅವುಗಳ ಸಾರ.

ಮೂರನೆಯದೇ ತೊಡಕಿನದು. ಸೆಪ್ಟೆಂಬರ್ 16ರಂದು ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಸೂಸನ್ ರೈಸ್ ಐದು ದೂರದರ್ಶನ ಕಾರ್ಯಕ್ರಮಗಳಲ್ಲಿ ಕಾಣಿಸಿಕೊಂಡು, ದಾಳಿ ಅದೇ ದಿನ ಆ ವೀಡಿಯೊ ವಿರುದ್ಧ ಈಜಿಪ್ಟಿನ ಕೈರೋದಲ್ಲಿ ನಡೆದಿದ್ದ ಪ್ರತಿಭಟನೆಯ ಬೆನ್ನಿಗೆ ತಾನಾಗಿ ಸಿಡಿದದ್ದು ಎಂದರು. ಅವರ ಕೈಯಲ್ಲಿದ್ದ ಟಿಪ್ಪಣಿಯನ್ನು ಮೊದಲು ಬರೆದದ್ದು ಸಿಐಎ, ಮತ್ತು 'ತಾನಾಗಿ' ಎಂಬ ಅರ್ಥ ಅದರ ಮೊದಲ ಕರಡಿನಲ್ಲೇ ಇತ್ತು. ಆದರೆ 2013ರ ಮೇ ತಿಂಗಳಲ್ಲಿ ಶ್ವೇತಭವನ ಬಿಡುಗಡೆ ಮಾಡಿದ ನೂರು ಪುಟಗಳ ಮಿಂಚಂಚೆಗಳನ್ನು ಓದಿದರೆ, ಸಿಐಎ ಹಿಂದೆ ಕೊಟ್ಟಿದ್ದ ಎಚ್ಚರಿಕೆಗಳ ಉಲ್ಲೇಖವನ್ನು ಸಂಸದರು ತಮ್ಮ ವಿರುದ್ಧ ಬಳಸಿಕೊಂಡಾರೆಂದು ವಿದೇಶಾಂಗ ಇಲಾಖೆ ಆಕ್ಷೇಪಿಸಿದ್ದೂ, ಕೊನೆಯ ಕರಡಿನಲ್ಲಿ ಅದು ಇಲ್ಲದಾದದ್ದೂ ಕಾಣುತ್ತದೆ. ಸೆಪ್ಟೆಂಬರ್ 19ರಂದೇ ಭಯೋತ್ಪಾದನಾ ನಿಗ್ರಹ ಕೇಂದ್ರದ ಮುಖ್ಯಸ್ಥ ಮ್ಯಾಥ್ಯೂ ಓಲ್ಸನ್ ಸೆನೆಟ್ಟಿನ ಮುಂದೆ ಇದನ್ನು ಭಯೋತ್ಪಾದಕ ದಾಳಿ ಎಂದರು. ಈ ಮೂರನ್ನೂ ಒಟ್ಟಿಗೆ ಓದಿದವರಿಗೆ 'ಎಲ್ಲವೂ ಸಂಚು' ಎನ್ನುವುದೂ 'ಏನೂ ಇಲ್ಲ' ಎನ್ನುವುದೂ ಎರಡೂ ಕಷ್ಟವಾಗುತ್ತದೆ. ರೈಸ್ ವಿದೇಶಾಂಗ ಸಚಿವೆಯಾಗುವ ಅವಕಾಶದಿಂದ ಆ ಡಿಸೆಂಬರಿನಲ್ಲಿ ಹಿಂದೆ ಸರಿದರು.

ಯಾರು ಯಾವುದನ್ನು ಓದಬೇಕು

ಪುಣೆಯ ನಮ್ಮಂಥ ಮನೆಗಳಲ್ಲಿ ಅನೇಕರ ಮಕ್ಕಳು ಅಮೆರಿಕದಲ್ಲಿದ್ದಾರೆ. ಅಲ್ಲಿನ ಪಕ್ಷಗಳ ಒಲವು ಫೋನಿನ ಮೂಲಕ ಇಲ್ಲಿಗೂ ಬಂದಿರುತ್ತದೆ. ಆದ್ದರಿಂದ ಮೂರನೆಯ ಕೂಟಕ್ಕೆ ಓದನ್ನು ಹಂಚುವಾಗ ಒಲವಿಗೆ ಎದುರಾಗಿ ಹಂಚಿ. ಡೆಮಾಕ್ರಟಿಕ್ ಪಕ್ಷವನ್ನು ಮೆಚ್ಚುವ ರಾಯರಿಗೆ 2014ರ ಏಪ್ರಿಲಿನಲ್ಲಿ ಹೊರಬಂದ, ಒಬಾಮ ಅವರ ಶ್ವೇತಭವನದ ಸಲಹೆಗಾರ ಬೆನ್ ರೋಡ್ಸ್ ಅವರ ಮಿಂಚಂಚೆಯನ್ನು ಕೊಡಿ: ಪ್ರತಿಭಟನೆಗಳ ಮೂಲ ಒಂದು ವೀಡಿಯೊ, ನೀತಿಯ ಸೋಲಲ್ಲ ಎಂಬುದನ್ನು ಒತ್ತಿಹೇಳಬೇಕೆಂದು ಅದರಲ್ಲಿ ಬರೆದಿದೆ. ಇನ್ನೊಂದು ಪಕ್ಷದ ಕಡೆಯ ಅಕ್ಕನವರಿಗೆ ಪ್ರತಿನಿಧಿ ಸಭೆಯ ರಿಪಬ್ಲಿಕನ್ ನಾಯಕ ಕೆವಿನ್ ಮೆಕಾರ್ಥಿ ಅವರ 2015ರ ಸೆಪ್ಟೆಂಬರಿನ ಸಂದರ್ಶನವನ್ನು ಕೊಡಿ: ಬೆಂಗಾಜಿ ಸಮಿತಿಯಿಂದಾಗಿ ಕ್ಲಿಂಟನ್ ಅವರ ಜನಪ್ರಿಯತೆ ಕುಸಿಯಿತೆಂದು ಅವರು ಹೆಮ್ಮೆಯಿಂದ ಹೇಳಿಕೊಂಡರು, ಅದಾದ ಕೆಲವೇ ದಿನಗಳಲ್ಲಿ ಸ್ಪೀಕರ್ ಸ್ಥಾನದ ಸ್ಪರ್ಧೆಯಿಂದ ಹೊರಬಿದ್ದರು. ಪ್ರತಿಯೊಬ್ಬರೂ ತಮಗೆ ಹಿತವಲ್ಲದ ದಾಖಲೆಯನ್ನು ಕೂಟಕ್ಕೆ ಓದಿ ಹೇಳಬೇಕು.

ಟ್ರೇ ಗೌಡಿ ಅಧ್ಯಕ್ಷತೆಯ, ಪ್ರತಿನಿಧಿ ಸಭೆಯ ಈ ವಿಶೇಷ ಸಮಿತಿ 2014ರ ಮೇ 8ರಂದು 232-186 ಮತಗಳಿಂದ ರಚನೆಯಾಯಿತು. ಕ್ಲಿಂಟನ್ ಅವರನ್ನು 2015ರ ಅಕ್ಟೋಬರ್ 22ರಂದು ಸುಮಾರು ಹನ್ನೊಂದು ಗಂಟೆ ವಿಚಾರಿಸಿ, 2016ರ ಜೂನ್ 28ರಂದು ಸುಮಾರು 800 ಪುಟಗಳ ವರದಿ ಕೊಟ್ಟಿತು. ಇಷ್ಟನ್ನು ಪೂರ್ತಿ ಓದುವ ಶಕ್ತಿ ಯಾವ ಬಳಗಕ್ಕೂ ಇರಲಾರದು; ಆ ರಾತ್ರಿಯ ಘಟನೆಗಳ ಭಾಗವನ್ನು ಮಾತ್ರ ಓದಿ, ಅದರ ಜೊತೆಗೆ ಡೆಮಾಕ್ರಟಿಕ್ ಸದಸ್ಯರು ಹಿಂದಿನ ದಿನ ಪ್ರಕಟಿಸಿದ ತಮ್ಮದೇ ವರದಿಯನ್ನೂ, ಜಿಮ್ ಜೋರ್ಡನ್ ಮತ್ತು ಮೈಕ್ ಪಾಂಪಿಯೊ ಬರೆದ ಹೆಚ್ಚು ಕಟುವಾದ ಪ್ರತ್ಯೇಕ ಅಭಿಪ್ರಾಯವನ್ನೂ ಇಟ್ಟುಕೊಳ್ಳಿ. ಈ ಪಾಂಪಿಯೊ 2018ರಲ್ಲಿ ತಾವೇ ವಿದೇಶಾಂಗ ಸಚಿವರಾದರು. ಸಮಿತಿಯ ಬಹುಮತದ ವರದಿ ಕ್ಲಿಂಟನ್ ಅವರ ಮೇಲೆ ಹೊಸ ವೈಯಕ್ತಿಕ ಅಪರಾಧವನ್ನು ಹೊರಿಸಲಿಲ್ಲ. ಅವರ ಖಾಸಗಿ ಮಿಂಚಂಚೆ ಸರ್ವರಿನ ವಿಷಯ ಈ ಸಮಿತಿಯ ಅವಧಿಯಲ್ಲಿ ಬಯಲಿಗೆ ಬಂದು 2016ರ ಚುನಾವಣೆಯುದ್ದಕ್ಕೂ ಉಳಿಯಿತು. ಅದನ್ನು ಬೇರೆ ಹಾಳೆಯಲ್ಲಿ ಬರೆದು ಬದಿಗಿಡಿ. ಅದು ಮೇಲಿನ ಮೂರು ಪ್ರಶ್ನೆಗಳಲ್ಲಿ ಯಾವುದಕ್ಕೂ ಉತ್ತರವಲ್ಲ.

ಎಲ್ಲರೂ ಮರೆಯುವ ಹಾಳೆ ನ್ಯಾಯಾಲಯದ್ದು. ದಾಳಿಯ ಆರೋಪಿ ಅಹ್ಮದ್ ಅಬು ಖತ್ತಾಲನನ್ನು 2014ರ ಜೂನಿನಲ್ಲಿ ಲಿಬಿಯಾದಲ್ಲಿ ಹಿಡಿದು ವಾಷಿಂಗ್ಟನ್ನಿಗೆ ತಂದರು. 2017ರ ನವೆಂಬರಿನಲ್ಲಿ ಹದಿನೆಂಟು ಆರೋಪಗಳಲ್ಲಿ ನಾಲ್ಕು ಸಾಬೀತಾದವು, ಕೊಲೆಯ ಆರೋಪ ಸಾಬೀತಾಗಲಿಲ್ಲ. ಮರುವರ್ಷ 22 ವರ್ಷಗಳ ಶಿಕ್ಷೆಯಾಯಿತು. ಆ ಶಿಕ್ಷೆ ತೀರಾ ಕಡಿಮೆಯಾಯಿತೆಂದು ಮೇಲ್ಮನವಿ ನ್ಯಾಯಾಲಯ 2022ರಲ್ಲಿ ಅದನ್ನು ಮರಳಿ ಕಳುಹಿಸಿತು. ಹೇಳಿಕೆಗಳ ಬಗ್ಗೆ ವರ್ಷಗಟ್ಟಲೆ ಓದಿದವರೂ ಈ ಹೆಸರನ್ನು ಕೇಳಿರುವುದಿಲ್ಲ.

ನಾಲ್ಕನೆಯ ಭಾನುವಾರ

ಕೊನೆಯ ಕೂಟದಲ್ಲಿ ಇದೇ ಹಾಳೆಗಳನ್ನು ನಮ್ಮ ದೇಶದ ಒಂದು ಘಟನೆಗೆ ಬಳಸಿ ನೋಡಿ. 2008ರ ಜುಲೈ 7ರಂದು ಕಾಬೂಲಿನ ಭಾರತೀಯ ರಾಯಭಾರ ಕಚೇರಿಯ ಬಾಗಿಲಲ್ಲಿ ಸ್ಫೋಟವಾಗಿ 58 ಮಂದಿ ಸತ್ತರು. ಬ್ರಿಗೇಡಿಯರ್ ರವಿ ದತ್ ಮೆಹ್ತಾ, ರಾಜತಾಂತ್ರಿಕ ವಿ. ವೆಂಕಟೇಶ್ವರ ರಾವ್ ಮತ್ತು ಐಟಿಬಿಪಿಯ ಇಬ್ಬರು ಕಾವಲುಗಾರರು ಅವರಲ್ಲಿದ್ದರು. ಆ ತಿಂಗಳು ನಮ್ಮ ಲೋಕಸಭೆ ಅಣು ಒಪ್ಪಂದದ ವಿಶ್ವಾಸಮತದಲ್ಲಿ ಮುಳುಗಿತ್ತು.

ಇನ್ನೂ ಹತ್ತಿರದ್ದು ಬೇಕಾದರೆ, ಎರಂಡವಣೆಯಿಂದ ಮುಠಾ ನದಿಯನ್ನು ದಾಟುವ ಮ್ಹಾತ್ರೆ ಪೂಲ್ ಇದೆ. ದಿನಕ್ಕೆರಡು ಬಾರಿ ಅದನ್ನು ದಾಟುವ ನಮ್ಮ ಬಳಗದ ಹೆಚ್ಚಿನವರಿಗೆ, ಅದು 1984ರ ಫೆಬ್ರವರಿ 3ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಅಪಹರಣಕ್ಕೊಳಗಾಗಿ ಕೊಲೆಯಾದ ಭಾರತೀಯ ರಾಜತಾಂತ್ರಿಕ ರವೀಂದ್ರ ಮ್ಹಾತ್ರೆಯವರ ಹೆಸರೆಂದು ತಿಳಿದಿರಲಿಲ್ಲ, ನನಗೂ ತಿಳಿದಿರಲಿಲ್ಲ. ಅಪಹರಿಸಿದವರು ತಿಹಾರ್ ಜೈಲಿನಲ್ಲಿದ್ದ ಕಾಶ್ಮೀರಿ ಪ್ರತ್ಯೇಕತಾವಾದಿ ಮಕ್ಬೂಲ್ ಭಟ್‌ನ ಬಿಡುಗಡೆಯನ್ನು ಕೇಳಿದ್ದರು. ಫೆಬ್ರವರಿ 11ರಂದು ಅವನನ್ನು ಗಲ್ಲಿಗೇರಿಸಲಾಯಿತು. ಆ ಎಂಟು ದಿನಗಳಿಗೂ ಕಾಲಪಟ್ಟಿ ಹಾಕಿ, ಅಂದು ಯಾರಿಗೆ ಏನು ಗೊತ್ತಿತ್ತು ಎಂಬ ಕಂಬವನ್ನು ಎಳೆಯಿರಿ. ಆ ವಾರದ ಸಕಾಳ, ಕೇಸರಿ ಪತ್ರಿಕೆಗಳನ್ನು ಗ್ರಂಥಾಲಯದಲ್ಲಿ ಹುಡುಕಬೇಕಾಗುತ್ತದೆ. ಆ ಕೆಲಸವನ್ನು ಬಳಗದಲ್ಲಿ ಮರಾಠಿ ಶಾಲೆಯಲ್ಲಿ ಓದಿದವರಿಗೆ ವಹಿಸಿ, ಅವರು ಗಟ್ಟಿಯಾಗಿ ಓದುತ್ತಿದ್ದಂತೆ ಉಳಿದವರು ಕನ್ನಡದಲ್ಲಿ ಬರೆದುಕೊಳ್ಳಲಿ. ಹಾಳೆಯ ಮೇಲ್ತುದಿಯಲ್ಲಿ ಮೊದಲಿನಂತೆಯೇ ತೀರಿಕೊಂಡವರ ಹೆಸರಿರಲಿ.